ವೆರ್ಣಾ, ರಾತ್ರಿ ಪಾಳಿ

ಅಲಬಾಮಾ ನನಗೆ ಗೊತ್ತು.
ಮಾರ್ಚಿಗೆ ಅಲ್ಲಿ ಅಜೇಲಿಯಾ ಅರಳುತ್ತವೆ,
ಒಂದೊಂದು ಪೊದೆಯೂ ಆಳೆತ್ತರ.
ಮನೆ ತೆರಿಗೆ ಕಡಿಮೆ.
ಚಳಿ ಬಂದರೂ ಚಪ್ಪಲಿ ಬಿಡದೆ
ನೀರು ಕುಡಿದು ಹೋಗುವ ನೆಂಟನ ಹಾಗೆ.
ಕೊಲ್ಲಿಯ ಮರಳು ಸಕ್ಕರೆಯಷ್ಟು ಬಿಳಿ,
ನಡೆದರೆ ಕಿರ್ರೆನ್ನುತ್ತದೆ.
ಇದು ಆರನೇ ಪುಟ, ಮೇಲಿನಿಂದ ನಾಲ್ಕನೇ ಸಾಲು.

ರಾತ್ರಿ ಎಂಟಕ್ಕೆ ಝುವಾರಿನಗರದ ತಿರುವಿಗೆ ಕಂಪನಿ ವ್ಯಾನು.
ವೆರ್ಣಾದ ಗುಡ್ಡದ ಮೇಲೆ, ಔಷಧದ ಕಾರ್ಖಾನೆಗಳ ನಡುವೆ,
ಮೂರನೇ ಮಹಡಿ. ಕಿವಿಗೊಂದು ಕಪ್ಪು ಬಟ್ಟಲು.
ಆ ತುದಿಯಲ್ಲಿ ಒಹಾಯೋದವರು,
ಹಿಮ ಸರಿಸಿ ಸರಿಸಿ ಸೊಂಟ ಹಿಡಿದವರು,
ಉಳಿದ ಕಾಲ ಎಲ್ಲಿ ಕಳೆಯಲಿ ಎನ್ನುವವರು.
ಬನ್ನಿ, ನಮ್ಮ ಕಡೆ ಬನ್ನಿ ಎನ್ನುತ್ತೇನೆ.
ನಮ್ಮ ಕಡೆ ಎನ್ನಬೇಕು. ಅದು ನಿಯಮ.

ಮೊದಲ ತಿಂಗಳು ತಿನಿಸಿನ ಪುಟಕ್ಕೆ ನಗು ತಡೆಯಲಾಗಲಿಲ್ಲ.
ಗ್ರಿಟ್ಸ್ ಅಂದರೆ ಏನೋ ಎಂತೋ ಅಂದುಕೊಂಡಿದ್ದೆ,
ನೋಡಿದರೆ ಗೋವಿನಜೋಳದ ನುಚ್ಚು!
ಹುರಿದ ಬೆಂಡೆಕಾಯಿ. ಮಜ್ಜಿಗೆ.
ದಾರಿಬದಿಗೆ ಉಪ್ಪು ಹಾಕಿ ಕುದಿಸಿದ ಶೇಂಗಾ,
ಅದಕ್ಕೆ 'ತಪ್ಪಿಸಿಕೊಳ್ಳಬಾರದ ಆಕರ್ಷಣೆ' ಎಂಬ ತಲೆಬರಹ.
ಅವ್ವನಿಗೆ ಓದಿ ಹೇಳಿದೆ.
ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದೆ
ಅವಳು ಮಾರುವುದೂ ಅದನ್ನೇ, ಪೊಟ್ಟಣಕ್ಕೆ ಹತ್ತು ರೂಪಾಯಿ.
"ಅಲ್ಲಿ ಎಷ್ಟಕ್ಕ ಕೊಡತಾರಂತ?"
ಪುಟದಲ್ಲಿ ಬೆಲೆ ಇರಲಿಲ್ಲ.

ಹತ್ತಿಗೆ ಸಿಕ್ಕಿದ್ದು ಒಂದೇ ಸಾಲು:
ಹಳೆಯ ಜಮೀನ್ದಾರಿ ಬಂಗಲೆಗಳು, ಪ್ರವೇಶ ಹದಿನೈದು ಡಾಲರು,
ಬಿಳಿ ಕಂಬಗಳು ಮದುವೆಯ ಫೋಟೋಗೆ ಪ್ರಶಸ್ತ.
ಗದಗಿನ ಎರೆಹೊಲದಲ್ಲಿ ನಮ್ಮಜ್ಜಿ ಫಕೀರವ್ವ
ಬಿಡಿಸುತ್ತಿದ್ದದ್ದೂ ವಿಲಾಯ್ತಿ ಹತ್ತಿಯೇ.
ಬೀಜ ಯಾವ ಸೀಮೆಯದೋ ಅವಳಿಗೆ ತಿಳಿಯದು,
ಒಣ ಕಾಯಿಯ ತುದಿ ಉಗುರಿನ ಸಂದಿಗೆ ಇಳಿಯುವುದು ಮಾತ್ರ ತಿಳಿದಿತ್ತು.
ಅಲ್ಲಿ ಬಿಡಿಸಿದವರ ಉಗುರುಗಳು ಯಾವ ಪುಟದಲ್ಲೂ ಇಲ್ಲ.
ಹುಡುಕಿದ್ದೇನೆ. ನಲವತ್ತೆಂಟು ಪುಟ.

ನಿನ್ನೆ ಮೂರರ ಹೊತ್ತಿಗೆ ಒಬ್ಬಳು ಮುದುಕಿ.
ಹೆಸರು ಕೇಳಿದೆ. ವರ್ನಾ, ಅಂದಳು.
ಕಿಟಕಿಯಾಚೆ ಹಸಿರು ಬೋರ್ಡು ಉರಿಯುತ್ತಿತ್ತು:
ವೆರ್ಣಾ ಕೈಗಾರಿಕಾ ವಸಾಹತು.
ಮತ್ತೊಮ್ಮೆ ಕೇಳಿದೆ.
ವರ್ನಾ, ಮಗೂ, ನಮ್ಮಜ್ಜಿಯ ಹೆಸರದು.

ಅವಳಿಗೆ ತೆರಿಗೆ ಬೇಕಿರಲಿಲ್ಲ.
ಆಸ್ಪತ್ರೆ ಎಷ್ಟು ಮೈಲಿ, ಚಂಡಮಾರುತ ಯಾವ ತಿಂಗಳು,
ಅದೂ ಬೇಡ.
"ಎರಡು ದಿನ ನಾನು ಹೊರಗೆ ಕಾಣಿಸದಿದ್ದರೆ
ಪಕ್ಕದವರು ಬಾಗಿಲು ತಟ್ಟುತ್ತಾರಾ?"

ಪುಟ ತಿರುವಿದೆ. ಜೀವನಮಟ್ಟ: ಹತ್ತಕ್ಕೆ ಏಳೂವರೆ.
ಬಾಗಿಲು ತಟ್ಟುವುದಕ್ಕೆ ಅಂಕವಿಟ್ಟಿರಲಿಲ್ಲ.

ಬಾಯಿಗೆ ಬಂದದ್ದು ಎಸ್ಪೆರಾನ್ಸಾ ಬಾಯಿ.
ಬೈನಾ ದಂಡೆಯ ನಮ್ಮ ಗುಡಿಸಲ ಮೇಲೆ ಬುಲ್ಡೋಜರು ಹರಿದ ವರ್ಷ
ಘಾಟಿಗಳು, ಘಾಟಿಗಳು ಎಂದು ಬೈಯುತ್ತಲೇ
ಹಿತ್ತಿಲ ಖೋಲಿಯ ಬೀಗ ತೆಗೆದವಳು.
ಬಂದರಿನ ಕಲ್ಲಿದ್ದಲ ಪುಡಿ ಹಾರಿ ಬಂದರೆ
ತಂತಿಯ ಮೇಲಿನ ನಮ್ಮ ಬಟ್ಟೆಯನ್ನೂ ಒಳಗೆಳೆಯುವವಳು.
ನನಗೆ ಜ್ವರ ಬಂದಾಗ ಮೂರು ಸಲ ತಟ್ಟಿ,
ನಾಲ್ಕನೆಯದಕ್ಕೆ ಚಿಲಕವನ್ನೇ ಕಿತ್ತವಳು.
ತಟ್ಟುತ್ತಾರೆ ಅಮ್ಮಾ, ಅಂದೆ, ಇಲ್ಲಿ ತಟ್ಟುತ್ತಾರೆ.
ಅಲ್ಲಿ, ಇಲ್ಲಿ. ಒಂದಕ್ಷರದ ಸುಳ್ಳು.

ಸ್ವಲ್ಪ ಹೊತ್ತು ಅವಳ ಉಸಿರು ಮಾತ್ರ.
ಹಾಗಿದ್ದರೆ ಬರುತ್ತೇನೆ, ಅಂದಳು.
ಚೌಕದೊಳಗೆ ಗುರುತು ಹಾಕಿದೆ.
ಈ ತಿಂಗಳ ಗುರಿಗೆ ಇನ್ನು ಒಂಬತ್ತು.

ಬೆಳಗಿನ ವ್ಯಾನು ಇಳಿಜಾರಿನಲ್ಲಿ ಬ್ರೇಕು ಹಿಡಿದು ನರಳುವಾಗ
ಅವಳು ಪೆಟ್ಟಿಗೆ ಕಟ್ಟುತ್ತಿರಬಹುದು ಅನ್ನಿಸಿತು.
ಯಾರೂ ತಟ್ಟದ ಬಾಗಿಲೊಂದು
ಆಳೆತ್ತರದ ಹೂಗಳ ಹಿಂದೆ.
ನಿದ್ದೆ ಬರಲಿಲ್ಲ.

ಹಳತಾದ ಪುಟಗಳನ್ನು ಚೀಲದಲ್ಲಿ ತಂದಿದ್ದೆ.
ಅವ್ವ ಒಂದೊಂದನ್ನೇ ತಿರುಗಿಸಿ ಪೊಟ್ಟಣ ಸುತ್ತಿದಳು,
ಬಿಳಿ ಮರಳು ಒಳಗೆ, ಬಂಗಲೆ ಹೊರಗೆ,
ಮೇಲೆ ಹಬೆಯಾಡುವ ಶೇಂಗಾ.
"ಚಲೋ ಕಾಗದ," ಅಂದಳು, "ನೀರು ಸೋರಂಗಿಲ್ಲ.
ಇನ್ನಷ್ಟು ಸಿಕ್ರ ತಗೊಂಡ ಬಾ."