ಸೊಂಟದ ಮಡಿಕೆ

ನಾನು ಹೊಲಿಯುವವಳು.
ನನ್ನ ಮಾತಿಗೆ ಸಾಕ್ಷಿ ಈ ಬಿದಿರಿನ ಅಳತೆಕೋಲು.
ಮದುವೆಯಾಗಿ ಜಿಂಜೂ ಹೊಳೆಯ ಈ ದಡಕ್ಕೆ ಬಂದ ವರ್ಷ
ಅತ್ತೆ ಇಸೊ ನನಗಿಂತ ನಾಲ್ಕು ಬೆರಳು ಎತ್ತರ.
ಹಲಗೆಯ ಮೇಲಿನ ಉಪ್ಪಿನ ಜಾಡಿಯನ್ನು
ತುದಿಗಾಲಲ್ಲಿ ನಿಲ್ಲದೆ ಇಳಿಸಿ
ನನ್ನತ್ತ ನೋಡಿ ನಗುತ್ತಿದ್ದಳು,
ಕುಳ್ಳಿಯನ್ನು ತಂದುಕೊಂಡೆವಲ್ಲ ಎಂಬಂತೆ.

ಕಿಮೊನೊ ಯಾವಾಗಲೂ ಮೈಗಿಂತ ಉದ್ದ.
ಹೆಚ್ಚಾದದ್ದನ್ನು ಸೊಂಟದಲ್ಲಿ ಮಡಿಸಿ
ಮೇಲೆ ಪಟ್ಟಿ ಬಿಗಿಯಬೇಕು.
ಅವಳ ಮಡಿಕೆ ಎರಡು ಬೆರಳಿನಷ್ಟಿತ್ತು.
ಮೂರನೆಯ ವರ್ಷಕ್ಕೆ ನಾಲ್ಕಾಯಿತು.
ಬಟ್ಟೆ ಬೆಳೆಯುವುದುಂಟೆ?
ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ.

ಮೊದಲು ನಡಿಗೆ ಬಾತುಕೋಳಿಯದಾಯಿತು.
ಓಣಿಯ ಮಕ್ಕಳು ಹಿಂದಿನಿಂದ ಅಣಕಿಸಿ ನಡೆದರು.
ಅವಳೂ ನಕ್ಕಳು; ನಕ್ಕಾಗ ಪಕ್ಕೆಯೊಳಗೆ
ಒಣಕಡ್ಡಿ ಮುರಿದಂತೆ ಒಂದು ಸದ್ದು.
ಆಮೇಲೆ ಕೆಮ್ಮಿಗೊಂದು, ಸೀನಿಗೊಂದು,
ಹೊದಿಕೆ ಎಳೆದರೆ ಒಂದು.
ಇತಾಯ್, ಇತಾಯ್.
ನೋವು, ನೋವು.
ಅವಳ ಬಾಯಲ್ಲಿ ಉಳಿದದ್ದು ಅದೊಂದೇ,
ಊರು ಅದನ್ನೇ ರೋಗದ ಹೆಸರು ಮಾಡಿತು.
ನಮ್ಮ ಸಾಲಿನ ಒಂಬತ್ತು ಮನೆಗಳಲ್ಲಿ ಐದು ಹೆಂಗಸರು.
ಹಿಮ ಬಿದ್ದ ರಾತ್ರಿ ಒಬ್ಬಳು ಶುರುಮಾಡಿದರೆ
ಮತ್ತೊಬ್ಬಳು ಓಗೊಡುತ್ತಿದ್ದಳು.

ಪೂರ್ವಜರ ಪಾಪ ಎಂದರು. ಕಿಟಕಿಗೆ ಹಲಗೆ ಜಡಿದುಕೊಂಡೆವು.
ಹೊರಗೆ ಗೊತ್ತಾದರೆ ಈ ಊರಿಗೆ ಹೆಣ್ಣು ಕೊಡುವವರಾರು,
ಈ ಊರ ಅಕ್ಕಿ ಕೊಳ್ಳುವವರಾರು?
ಅಕ್ಕಿ ಚೆನ್ನಾಗಿತ್ತು. ಅದನ್ನು ಹೇಳಲೇಬೇಕು.
ಬೆಳ್ಳಗೆ, ದುಂಡಗೆ, ಬೆಂದರೆ ಮನೆಯೆಲ್ಲ ಘಮ.
ಆರು ಹೆತ್ತವಳು ಅತ್ತೆ; ಪ್ರತಿ ಬಾಣಂತನಕ್ಕೂ
ಅದೇ ಗಂಜಿ, ಅದೇ ಹೊಳೆಯ ನೀರು.

ಮೇಲೆ, ಬೆಟ್ಟದ ಮಡಿಲಲ್ಲಿ, ಗಣಿ.
ಸತುವು ತೆಗೆದುಕೊಂಡು ಉಳಿದದ್ದನ್ನು ನೀರಿಗೆ ಬಿಡುತ್ತಿದ್ದರು.
ಕ್ಯಾಡ್ಮಿಯಂ ಎಂಬ ಹೆಸರನ್ನು ನಾನು ಕೇಳಿದ್ದು
ಅವಳ ಮಡಿಕೆ ಒಂದು ಗೇಣು ದಾಟಿದ ಮೇಲೆ.
ವಾಸನೆಯಿಲ್ಲ, ರುಚಿಯಿಲ್ಲ.
ಬಂದ ನೆಂಟ ಹೊರಡುವುದಿಲ್ಲ ಎಂದರು ಡಾಕ್ಟರು,
ಮೂತ್ರಪಿಂಡದಲ್ಲಿ ಚಾಪೆ ಹಾಸಿ ಮೂವತ್ತು ವರ್ಷ ಕೂರುತ್ತದೆ,
ಜರಡಿಯ ಕಣ್ಣು ಹರಿಯುತ್ತದೆ,
ಮೈಯ ಸುಣ್ಣವೆಲ್ಲ ಸೋರಿಹೋಗುತ್ತದೆ.
ಜರಡಿ, ಸುಣ್ಣ. ಅವರು ಹೇಳಿದ್ದರಲ್ಲಿ
ನನಗೆ ದಕ್ಕಿದ್ದು ಇಷ್ಟು.
ಹೆತ್ತವರಿಗೇ ಯಾಕೆ ಹೆಚ್ಚು ಎಂದು ಕೇಳಿದೆ.
ಕನ್ನಡಕ ಒರೆಸಿಕೊಂಡರು.

ಕೊನೆಯ ಚಳಿಗಾಲ ಅವಳನ್ನು ಅಳೆದೆ,
ಮಲಗಿದಲ್ಲೇ, ಮುಟ್ಟದೆ, ಕೋಲನ್ನು ಗಾಳಿಯಲ್ಲಿ ಹಿಡಿದು.
ಒಂದು ಗೇಣು, ಮೂರು ಬೆರಳು ಕಡಿಮೆ.
"ಎಷ್ಟು?" ಎಂದಳು.
ಸುಳ್ಳು ಹೇಳಿದೆ.
"ಇನ್ನು ಉಪ್ಪಿನ ಜಾಡಿ ನಿನ್ನದೇ ಬಿಡು" ಎಂದಳು,
ನಗದೆ, ಹುಷಾರಾಗಿ.

ಸತ್ತವರ ಬಿಳಿ ಬಟ್ಟೆ ಹೊಲಿಯುವಾಗ
ದಾರದ ತುದಿಗೆ ಗಂಟು ಹಾಕಬಾರದು.
ನಾನು ಬಂದ ವರ್ಷದ ಅಳತೆಗೇ ಕತ್ತರಿಸಿದೆ.
ಪಾದ ದಾಟಿ ಬಟ್ಟೆ ಮಿಕ್ಕಿತು.
ಮಡಿಸಲಿಲ್ಲ.

ಸುಟ್ಟ ಮೇಲೆ ಎಲುಬು ಆರಿಸಬೇಕು,
ಇಬ್ಬಿಬ್ಬರು, ಕಡ್ಡಿ ಹಿಡಿದು, ಕಾಲಿನಿಂದ ತಲೆಯ ಕಡೆಗೆ.
ಪಾದದ್ದು ಮುಟ್ಟಿದೊಡನೆ ಪುಡಿಯಾಯಿತು.
ಮೊಣಕಾಲು ಅಷ್ಟೂ ಹೊತ್ತು ನಿಲ್ಲಲಿಲ್ಲ.
ನನ್ನ ಗಂಡ ಕಡ್ಡಿ ಹಿಡಿದು ನಿಂತೇ ಇದ್ದ,
ಅನ್ನದ ಬಟ್ಟಲು ಖಾಲಿಯಾದದ್ದು
ತಿಳಿಯದ ಮಗುವಿನ ಹಾಗೆ.

ಈಚೆಗೆ ಆಫೀಸಿನವರು ಬಂದು ಸೀಸೆ ಕೊಟ್ಟುಹೋದರು.
ಹೆಂಗಸರೆಲ್ಲ ಬೆಳಗಿನ ಮೂತ್ರ ಹಿಡಿದು ಕೊಡಬೇಕಂತೆ.
ನನ್ನ ಸೀಸೆಯ ಮೇಲೆ ಹೆಸರು ಬರೆದೆ,
ಮುಚ್ಚಳ ತಿರುಗಿಸಿ ಹೊಸಿಲಿನಲ್ಲಿಟ್ಟೆ.
ಆಮೇಲೆ ಪಟ್ಟಿ ಬಿಗಿಯಲೆಂದು ನಿಂತು
ಸೊಂಟದ ಮಡಿಕೆಗೆ ಬೆರಳಿಟ್ಟೆ.
ಎರಡು.
ಮತ್ತೆ ಇಟ್ಟೆ.