ಒಂದನೇ ತರಗತಿಯ ಬೆಂಚು

ಮಂಗಳವಾರ, ಸಂಜೆ ಏಳು. ಗುತ್ತಲು ರಸ್ತೆಯ
ಸರ್ಕಾರಿ ಶಾಲೆಯ ಒಂದನೇ ತರಗತಿ.
ಮಂಡಿ ಗಲ್ಲಕ್ಕೆ ತಾಗುವಂಥ ಬೆಂಚುಗಳ ಮೇಲೆ
ನಾವು ಹನ್ನೊಂದು ಜನ. ಗೋಡೆಯಲ್ಲಿ
ಅ ಅರಸ, ಆ ಆನೆ, ಇ ಇಲಿ.

ಇಲ್ಲಿ ಬರೀ ಹೆಸರು; ಮನೆ, ಕೆಲಸ, ಕುಲ
ಕೇಳುವಂತಿಲ್ಲ ಅಂತ ನಿಯಮ. ಮಂಡ್ಯದಲ್ಲಿ!
ಎದುರಿಗೆ ಕೂತವನು ನಮ್ಮ ಬೀದಿಯ ಮೀಟರು ಓದುವ ಪುಟ್ಟಬಸವ,
ಪಕ್ಕದವನು ನನ್ನ ಭಾವಮೈದನ ಮದುವೆಯಲ್ಲಿ
ಪಾಯಸದ ಬಕೆಟ್ಟಿನ ಮೇಲೆ ಬಿದ್ದವನು.
ಆದರೂ ಗಂಭೀರವಾಗಿ ಎದ್ದು ಹೆಸರು ಹೇಳುತ್ತೇವೆ.
ಮೊದಲ ಸಲ ಕೇಳಿದ ಹಾಗೆ
ಉಳಿದವರು ತಲೆದೂಗುತ್ತಾರೆ.

ಡಾಕ್ಟರ ಮುಂದೆ 'ವಾರಕ್ಕೊಂದು ಸಲ ಸರ್' ಅಂದಿದ್ದೆ.
ಬರೆದುಕೊಂಡರು.
ಇಲ್ಲಿ ಅದನ್ನೇ ಅಂದಾಗ
ಆಲೆಮನೆಯ ಕೆಂಪಯ್ಯ ನಕ್ಕುಬಿಟ್ಟ:
'ಸ್ಕೂಟರ್ ಸೀಟಿನಡಿ, ಟೂಲ್ ಬ್ಯಾಗಿನೊಳಗೆ, ಅಲ್ವಾ?'
ನನ್ನ ಹೆಂಡತಿಗೆ ಹದಿನಾಲ್ಕು ವರ್ಷ ಸಿಗದಿದ್ದ ಜಾಗ.
ಹಾವಿನ ಹೆಜ್ಜೆ ಹಾವಿಗೇ ಗೊತ್ತು.

ರಾತ್ರಿ ಎರಡಕ್ಕೆ ಫೋನು ಮಾಡಿದರೂ ಎತ್ತುತ್ತಾನೆ.
ಬುದ್ಧಿ ಹೇಳುವುದಿಲ್ಲ. ಪಾಕ ಹದಕ್ಕೆ ಬಂದಿಲ್ಲ ಅಂತಲೋ
ಅಚ್ಚಿನ ಮಣೆ ಸೀಳಿದೆ ಅಂತಲೋ ಮಾತು ಎಳೆದೆಳೆದು
ಹಾಲಿನ ವ್ಯಾನು ಹಾದುಹೋಗುವ ತನಕ
ನನ್ನನ್ನು ಹಿಡಿದಿಡುತ್ತಾನೆ.
ಅಲ್ಲಿಗೆ ಇನ್ನೊಂದು ದಿನ ಲೆಕ್ಕಕ್ಕೆ ಸೇರಿತು.

ಜಯಶೀಲ ಅಂತ ಒಬ್ಬಾಕೆ ಬಂದಿದ್ದಳು, ಎರಡೇ ವಾರ,
ಹಿಂದಿನ ಬೆಂಚಿನ ತುದಿಯಲ್ಲಿ, ಸೆರಗು ಬಿಗಿದು.
ನಮ್ಮ ಕಥೆಗಳಲ್ಲಿ ಹೆಂಗಸರು ಬಾಗಿಲು ತೆರೆಯುತ್ತಿದ್ದರು,
ವಾಂತಿ ಬಳಿಯುತ್ತಿದ್ದರು, ತವರಿಗೆ ಹೋಗುತ್ತಿದ್ದರು.
ಕುಡಿಯುವ ಹೆಂಗಸು ಒಂದರಲ್ಲೂ ಇರಲಿಲ್ಲ.
ಆಕೆ ಎದ್ದು ನಿಂತಾಗ ಅಷ್ಟೂ ತಲೆ ತಿರುಗಿದವು,
ಮಾತಿನ ಕಡೆಗಲ್ಲ.
ಮೂರನೇ ವಾರ ಆಕೆ ಯಾಕೆ ಬರಲಿಲ್ಲ ಅಂತ
ಒಬ್ಬರೂ ಕೇಳಲಿಲ್ಲ.

ಇನ್ನು ಚಿಕ್ಕಜವರ.
ಇದನ್ನು ಆ ಬೆಂಚಿನ ಮೇಲೆ ಇನ್ನೂ ಹೇಳಿಲ್ಲ.
ಬಿಟ್ಟ ಎರಡನೇ ದಿನ ಬಂದಿದ್ದ. ಕೈ ನಡುಗಿ
ಲೋಟದ ಟೀ ಅಂಗಿಯ ಮೇಲೆಲ್ಲ.
'ಆಸ್ಪತ್ರೇಲಿ ಮಾತ್ರೆ ಕೊಟ್ಟವ್ರೆ. ನುಂಗ್ಲಾ ಅಣ್ಣ?'
'ಅದೂ ಒಂದು ಚಟವೇ ಕಣಪ್ಪ,' ಅಂದೆ ನಾನು,
ಮೂರು ವರ್ಷದ ಅನುಭವಸ್ಥ.
'ನಮಗೆಲ್ಲಾ ನಡುಗಿತ್ತು. ತಡ್ಕೊ.'
ಹತ್ತು ತಲೆ ದೂಗಿದವು.

ಗುರುವಾರ ನಸುಕಿಗೆ ಫಿಟ್ಸು.
ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೆ ತಲೆ.
ಬದುಕಿದ. ಎಡಗೈ ಮಾತ್ರ
ಹೇಳಿದ ಮಾತು ಕೇಳುವುದಿಲ್ಲ.

ನನಗೆ ಗೊತ್ತಿದ್ದದ್ದು ಒಂದೇ ಮೈ,
ನನ್ನದು.

ಈಗ ಕರಿಹಲಗೆಯ ಮೂಲೆಯಲ್ಲಿ
ದೊಡ್ಡಾಸ್ಪತ್ರೆಯ ನಂಬರು ಬರೆಯುತ್ತೇನೆ.
ಬುಧವಾರ ಬೆಳಿಗ್ಗೆ ಮಕ್ಕಳು ಒರೆಸುತ್ತಾರೆ.
ಮಂಗಳವಾರ ಮತ್ತೆ ಬರೆಯುತ್ತೇನೆ.
ಸೀಮೆಸುಣ್ಣ ಎತ್ತಿ ಕೊಡುವವನು ಚಿಕ್ಕಜವರ, ಬಲಗೈಯಲ್ಲಿ.
ಸಿಟ್ಟಿಲ್ಲವಾ ಅಂತ ನಾನು ಕೇಳಿಲ್ಲ.
ಇದೆ ಅಂತಲೂ ಅವನು ಹೇಳಿಲ್ಲ.

ಮೊನ್ನೆ ಹೊಸಬನೊಬ್ಬ ಬಾಗಿಲಲ್ಲಿ ನಿಂತ.
ಚೌಕಟ್ಟು ಹಿಡಿದರೂ ಕೈ ನಿಲ್ಲುತ್ತಿಲ್ಲ.
'ಇದು ಅದೇನಾ?' ಅಂದ.
ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಜವರ ಎದ್ದ.
ಕೆಂಪಯ್ಯನ ಸ್ಕೂಟರಿಗೆ ಅವನನ್ನು ಹತ್ತಿಸಿ
ಹಿಂದೆ ತಾನೂ ಕೂತ, ಒಂದೇ ಕೈಯಲ್ಲಿ ಅವಚಿಕೊಂಡು.
'ಮೊದ್ಲು ಆಸ್ಪತ್ರೆ. ಬೆಂಚೇನೂ ಎದ್ದೋಗಲ್ಲ.'

ಒಂಬತ್ತು ಜನ ಉಳಿದೆವು.
ಯಾರು ಶುರು ಮಾಡಬೇಕು ಅಂತ ತಿಳಿಯದೆ
ಗೋಡೆಯ ಆನೆ ನೋಡುತ್ತಾ ಕೂತೆವು.