ಬೆಂಕಿ ಹತ್ತು ರೂಪಾಯಿ

ಮಾಸ್ತಿಕಟ್ಟೆಗೆ ಇನ್ನೊಂದೇ ತಿರುವು ಅನ್ನುವಾಗ
ಲಾರಿ ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಉಸಿರೇ ಎಳೆಯಲಿಲ್ಲ.
ಹಿಂದೆ ನೂರಿಪ್ಪತ್ತು ಪೆಟ್ಟಿಗೆ ಬೂತಾಯಿ, ಗಂಗೊಳ್ಳಿಯದು,
ಐಸು ಆಗಲೇ ರಸ್ತೆಗೆ ಹನಿಯುತ್ತಿತ್ತು.

ಬೆಳಿಗ್ಗೆಯಷ್ಟೇ ಫಿಲ್ಟರ್ ಹೊಸತು, ಫೀಡ್ ಪಂಪ್ ಹೊಸತು.
ಹೊಸತು ಅಂದರೆ ಖಾಲಿ ಅಂತ ನನಗೆ ಗೊತ್ತಿರಲಿಲ್ಲ.
ಕ್ಲೀನರ್ ಆಗಿ ಹನ್ನೊಂದು ದಿನ;
ಟಯರಿಗೆ ಕಲ್ಲು ಕೊಡುವುದು, ಗಾಜು ಒರೆಸುವುದು,
ಅಣ್ಣಪ್ಪ ಖಾರ್ವಿಗೆ ನಿದ್ದೆ ಬಾರದಂತೆ ಮಾತಾಡುವುದು,
ಇಷ್ಟೇ ಕಲಿತದ್ದು.

ಖಾರ್ವಿ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು
"ಗಾಳಿ ಹಿಡ್ದಿತ್ ಮಾರಾಯ" ಅಂದ.
ನನ್ನ ಬೆನ್ನು ತಣ್ಣಗಾಯಿತು.
ಗಾಳಿ ಹಿಡಿದವರನ್ನು ನಾನು ಕಂಡಿದ್ದೆ.
ಚಿಕ್ಕಮ್ಮ ಒಮ್ಮೆ ಮೂರು ದಿನ ಗಂಡು ದನಿಯಲ್ಲಿ ಬೈದಿದ್ದಳು,
ಲಿಂಬೆ ಕೊಯ್ದು, ಬೂದಿ ಊದಿ
ಬಿಡಿಸಿದ್ದರು.
ಇಲ್ಲಿ ಹತ್ತನೇ ನಂಬರಿನ ಸ್ಪ್ಯಾನರು.

ಫಿಲ್ಟರಿನ ತಲೆಯ ಸಣ್ಣ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ
ನನ್ನ ಹೆಬ್ಬೆರಳು ಹಿಡಿದು
ಪಂಪಿನ ಗುಂಡಿಯ ಮೇಲಿಟ್ಟ.
"ಒತ್ತ್. ನಾ ಸಾಕ್ ಅಂಬ್ವರಿಗೆ ಒತ್ತ್."

ಮೊದಲು ಏನೂ ಇಲ್ಲ, ಬರೀ ಪುಸ್ ಪುಸ್.
ಆಮೇಲೆ ಬೋಲ್ಟಿನ ಸುತ್ತ
ಹಲ್ಲುಜ್ಜಿ ಉಗಿದ ಹಾಗೆ ನೊರೆ.
ಅದರ ಹಿಂದೆ ಡೀಸೆಲ್ಲು, ಟಾರ್ಚಿಗೆ ತಿಳಿ ಹೊಂಬಣ್ಣ,
ಅದರೊಳಗೆ ಒಂದು ಗುಳ್ಳೆ.
ಮತ್ತೊಂದು.
ಇನ್ನೂರರವರೆಗೆ ಎಣಿಸಿದೆ, ಲೆಕ್ಕ ತಪ್ಪಿತು,
ನಲವತ್ತರಿಂದ ಮತ್ತೆ ಶುರು ಮಾಡಿದೆ.
ಹಿಂದೆ ಬೇಡವೆಂದರೂ ಹನಿ,
ಮುಂದೆ ಬೇಡವೆಂದರೂ ಗುಳ್ಳೆ.

ಖಾರ್ವಿ ಪೈಪನ್ನೆಲ್ಲ ಬೆರಳಲ್ಲಿ ಸವರಿದ.
ಎಲ್ಲೂ ಒದ್ದೆಯಿಲ್ಲ.
ಹೊಸ ಪಂಪಿಗೆ ಬೈದ, ಹಳೆ ಪಂಪಿಗೆ ಬೈದ,
ಕುಂದಾಪುರದ ಮೆಕ್ಯಾನಿಕ್ಕಿಗೆ, ಅವನಿಗೆ ಹೆಣ್ಣು ಕೊಟ್ಟವರಿಗೆ.

ಚಾ ಅಂಗಡಿಯ ಶೇಷಿಯಕ್ಕ
ತಲೆಗೆ ಟವೆಲು ಸುತ್ತಿಕೊಂಡು ಮಂಜಿನೊಳಗಿಂದ ಬಂದಳು.
ನೋಡಿದಳು, ನಮ್ಮನ್ನಲ್ಲ, ಗುಳ್ಳೆಯನ್ನು.
"ಎಳ್ಕೊಳ್ಳೋ ಕಡೆ ಸೋರಿದ್ರೆ ಹೊರಗೆ ಹನಿಯಲ್ಲ,
ಒಳಗೆ ಗಾಳಿ ಕುಡಿಯತ್ತೆ.
ವಾಶರ್ ಹಳೇದೇ ಹಾಕಿದ್ರಾ?"
ಖಾರ್ವಿ ಮಾತಾಡಲಿಲ್ಲ.
ತಾಮ್ರದ ವಾಶರು ಎರಡು, ಹನ್ನೆರಡು ರೂಪಾಯಿ;
ಬೇಡ ಅಂದವನು ಅವನೇ, ನಾನು ಪಕ್ಕದಲ್ಲಿದ್ದೆ.

ಬಿಚ್ಚಿಕೊಟ್ಟ. ಅವಳು ಹಾಲಿನ ಪಾತ್ರೆ ಸರಿಸಿ
ಇಕ್ಕಳದಲ್ಲಿ ಹಿಡಿದು ಒಲೆಗೆ ಕೊಟ್ಟಳು.
ತಾಮ್ರ ಮೊದಲು ಕಪ್ಪಾಯಿತು, ಆಮೇಲೆ ಕೆಂಪು,
ಕೆಂಡ ಕಣ್ಣು ಮುಚ್ಚುವ ಮೊದಲಿನ ಕೆಂಪು.
ಗ್ಲಾಸು ತೊಳೆಯುವ ನೀರಿಗೆ ಬಿಟ್ಟಳು. ಚುಂಯ್.
"ಬಿಗಿದೂ ಬಿಗಿದೂ ಗಟ್ಟಿಯಾಗಿರತ್ತೆ ಪಾಪ,
ಸುಟ್ಟರೆ ಮೆತ್ತಗಾಗಿ ಜಾಗಕ್ಕೆ ಕೂರತ್ತೆ."
ಯಾರು ಕಲಿಸಿದ್ದು ಅಂದೆ.
"ಇಲ್ಲಿ ಸತ್ತ ಲಾರಿಗಳು."

ಮತ್ತೆ ಹೆಬ್ಬೆರಳು.
ನೊರೆ, ದೊಡ್ಡ ಗುಳ್ಳೆ, ಸಾಸಿವೆಯಷ್ಟು ಗುಳ್ಳೆ,
ಆಮೇಲೆ ಒಂದೇ ಸಮನೆ ಎಳೆ.
ನಾನು ಒತ್ತುತ್ತಿರುವಾಗಲೇ ಖಾರ್ವಿ ಬೋಲ್ಟು ಬಿಗಿದ,
ಕೈ ಬಿಟ್ಟು ಬಿಗಿದರೆ ಮತ್ತೆ ಗಾಳಿ ನುಗ್ಗುತ್ತದಂತೆ.
ಆಗ ಗುಂಡಿ ಗಟ್ಟಿಯಾಗಿ
ನನ್ನ ಬೆರಳನ್ನೇ ತಿರುಗಿ ಒತ್ತಿತು,
ಒಳಗೆ ಯಾರೋ ಎಚ್ಚರವಾದ ಹಾಗೆ.

ಇಂಜೆಕ್ಟರಿನ ನಟ್ಟು ಒಂದೊಂದೇ ಸಡಿಲಿಸಿ, ಸೆಲ್ಫ್ ಹೊಡೆದು,
ಪಿಚಕ್ ಅಂದ ಕೂಡಲೇ ಬಿಗಿದು.
ಆರರಲ್ಲಿ ನಾಲ್ಕು ಕುಂಟುತ್ತ ಎದ್ದವು,
ಐದನೆಯದು ಸೇರಿಕೊಂಡಿತು,
ಆರನೆಯದು ಬಿಳಿ ಹೊಗೆ ಉಗುಳಿದಾಗ
ಅಂಗಡಿಯ ಗ್ಲಾಸುಗಳೆಲ್ಲ ನಡುಗಿದವು.

"ಚಾ ನಾಲ್ಕು, ಬನ್ನು ಎರಡು, ಬೆಂಕಿ ಹತ್ತು ರೂಪಾಯಿ."
ಬೆಂಕಿಗೆ ಹನ್ನೆರಡು ಕೊಟ್ಟ ಖಾರ್ವಿ.

ತೀರ್ಥಹಳ್ಳಿ ದಾಟಿದರೂ ಅವನಿಗೆ ಮಾತಿಲ್ಲ.
ಮಂಡಗದ್ದೆಯ ಹತ್ತಿರ "ಬೆರಳ್ ತೋರ್ಸ್" ಅಂದ,
ನೋಡಿದ, ಗೇರು ಬದಲಿಸಿದ.

ಶಿವಮೊಗ್ಗದ ಮೀನು ಮಾರ್ಕೆಟ್ಟಿನಲ್ಲಿ ಬೆಳಕು ಹರಿದಿತ್ತು.
ಪೆಟ್ಟಿಗೆ ಮೂಸಿದ ಸಾಹುಕಾರ
ಡೀಸೆಲ್ ವಾಸನೆ ಅಂತ ಕಿಲೋಗೆ ಎರಡು ರೂಪಾಯಿ ಮುರಿದ.
ವಾಸನೆ ಮೀನಿನದಲ್ಲ,
ಪೆಟ್ಟಿಗೆ ಇಳಿಸಿದ ನನ್ನ ಹೆಬ್ಬೆರಳಿನದು.
ಹೇಳಲು ಬಾಯಿ ತೆರೆದೆ.
ಮೊದಲು ಬರೀ ಗಾಳಿ ಬಂತು.